ಕೇಳುವವರ ಹೆಸರು ಕೇಳದ ಪೆಟ್ಟಿಗೆ

2017ರ ಜನವರಿ 11. ಬೆಳಿಗ್ಗೆ 11 ಗಂಟೆ, 11 ನಿಮಿಷ, 11 ಸೆಕೆಂಡು. ನಾರ್ವೆ ದೇಶದ ಉತ್ತರದಲ್ಲಿ, ಆರ್ಕ್‌ಟಿಕ್ ವೃತ್ತಕ್ಕಿಂತಲೂ ಮೇಲಿರುವ ಬೋಡೋ ಎಂಬ ಊರಿನ ಕಡೆ, ರಾಷ್ಟ್ರೀಯ ರೇಡಿಯೋ ಚಾನೆಲ್‌ಗಳ ಎಫ್‌ಎಂ ಪ್ರಸಾರ ನಿಲ್ಲಿಸುವ ಕೆಲಸ ಶುರುವಾಯಿತು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಹಳೇ ಸೆಟ್ ಹಾಕಿಕೊಂಡಿದ್ದವರಿಗೆ ಹಾಡಿನ ಬದಲು ಬರೀ ಗೊರಗೊರ ಸದ್ದು. ಅಲ್ಲಿಂದ ಒಂದೊಂದೇ ಭಾಗ ಮುಗಿಸುತ್ತಾ ಹೋಗಿ ಅದೇ ವರ್ಷ ಡಿಸೆಂಬರ್ 13ಕ್ಕೆ ಇಡೀ ದೇಶದ ಲೆಕ್ಕ ಚುಕ್ತಾ. ರಾಷ್ಟ್ರೀಯ ಎಫ್‌ಎಂ ಪ್ರಸಾರವನ್ನು ಪೂರ್ತಿ ನಿಲ್ಲಿಸಿದ ಮೊದಲ ದೇಶ ಎಂಬ ಹೆಸರು ನಾರ್ವೆಗೆ ಬಂತು.

ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಮೈಗ್ರೇಶನ್. ಹಳೇ ಸಿಸ್ಟಮ್ ಬಂದ್, ಹೊಸದು ಚಾಲೂ, ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಸೊನ್ನೆ. ಯೂಸರ್‌ಗಳು ಬೈಯುತ್ತಾರೆ, ಆರು ತಿಂಗಳು ಕಳೆದರೆ ಮರೆಯುತ್ತಾರೆ. ಮೊದಲ ಸಲ ಇದರ ಬಗ್ಗೆ ಓದಿದಾಗ ನಾನೂ ಇಷ್ಟೇ ಅಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಒಂದು ವಿಷಯ ಹಿಡಿದು ನಿಲ್ಲಿಸಿತು. ಆ ದೇಶದಲ್ಲಿ ಮನೆಮನೆಯ ರೇಡಿಯೋ ಬಾಯಿ ಮುಚ್ಚಿದ್ದು ಅದೇ ಮೊದಲಲ್ಲ. 1941ರಲ್ಲೂ ಮುಚ್ಚಿಸಿದ್ದರು. ಆಗ ಮುಚ್ಚಿಸಿದವರು ಬೇರೆ, ಕಾರಣ ಬೇರೆ, ಮುಚ್ಚಿಸಿದ ರೀತಿಯೂ ಬೇರೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ರೇಡಿಯೋ ಅನ್ನುವ ಪೆಟ್ಟಿಗೆಯ ಒಂದು ಗುಣ ಚೆನ್ನಾಗಿ ಕಾಣುತ್ತದೆ. ಇವತ್ತು ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಮೆಟ್ರೋ ಹತ್ತುವ ನಮಗೆ ಆ ಗುಣ ಮರೆತೇ ಹೋಗಿದೆ.

ಮೊದಲು ದೇಶದ ಆಕಾರ ನೋಡೋಣ. ನಾರ್ವೆಯ ಜನಸಂಖ್ಯೆ ಐವತ್ತು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸರಿಸುಮಾರು ಅರ್ಧ ಬೆಂಗಳೂರು. ಆದರೆ ನೆಲದ ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು. ಉದ್ದಕ್ಕೂ ಬೆಟ್ಟ. ಬೆಟ್ಟಗಳ ನಡುವೆ ಹತ್ತಾರು ಮೈಲಿ ಒಳನುಗ್ಗಿದ ಸಮುದ್ರದ ಕವಲುಗಳು, ಅವಕ್ಕೆ ಫ್ಯೋರ್ಡ್ ಅಂತ ಹೆಸರು. ಆ ಬದಿಯಲ್ಲಿ ನಾಲ್ಕು ಮನೆ, ಈ ಬದಿಯಲ್ಲಿ ಎರಡು ಮನೆ. ಚಳಿಗಾಲದಲ್ಲಿ ಉತ್ತರದ ಊರುಗಳಲ್ಲಿ ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ. ಇಂಥ ಕಡೆ ಕತ್ತಲಲ್ಲಿ ಕೂತ ಮನೆಗೆ ಒಂದು ದನಿ ಬರುತ್ತದೆ ಅಂದರೆ ಅದರ ಬೆಲೆ ಎಷ್ಟಿರಬಹುದು ಅಂತ ನಮ್ಮ ಮಲೆನಾಡಿನ ಒಂಟಿ ಮನೆಗಳಲ್ಲಿ ಮಳೆಗಾಲ ಕಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ರೇಡಿಯೋ ಶುರುವಾಗಿದ್ದು 1920ರ ದಶಕದಲ್ಲಿ, ಖಾಸಗಿ ಕಂಪನಿಗಳ ಕೈಯಲ್ಲಿ. ಮಕ್ಕಳ ಕಾರ್ಯಕ್ರಮವೊಂದು 1924ರ ಡಿಸೆಂಬರ್‌ನಲ್ಲಿ ಶುರುವಾಗಿ, ಶನಿವಾರದ ಮಕ್ಕಳ ಸಮಯ ಅಂತಲೇ ಹೆಸರಾಗಿ, 2010ರವರೆಗೂ ನಡೆಯಿತು! ಎಂಬತ್ತೈದು ವರ್ಷ. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಕಾರ್ಯಕ್ರಮ ಕೇಳಿ ಬೆಳೆದರು. 1933ರಲ್ಲಿ ಸರ್ಕಾರ ಎಲ್ಲವನ್ನೂ ಒಟ್ಟುಗೂಡಿಸಿ ಎನ್‌ಆರ್‌ಕೆ ಎಂಬ ರಾಷ್ಟ್ರೀಯ ಪ್ರಸಾರ ಸಂಸ್ಥೆ ಕಟ್ಟಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕಿಷ್ಟು ಅಂತ ಲೈಸೆನ್ಸ್ ಹಣ ಕಟ್ಟಬೇಕು. ನಮ್ಮಲ್ಲೂ ಹೀಗೇ ಇತ್ತಲ್ಲ, ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪ್ ಅಂಟಿಸಿಕೊಂಡು ಬರುತ್ತಿದ್ದ ಕಾಲ. ಹಳೇ ಮನೆಗಳ ಟ್ರಂಕಿನಲ್ಲಿ ಆ ಪುಸ್ತಕ ಇನ್ನೂ ಸಿಗುತ್ತದೆ.

ಲೈಸೆನ್ಸ್ ಅಂದಮೇಲೆ ಒಂದು ಪಟ್ಟಿ ಇರಲೇಬೇಕು. ಯಾರ ಮನೆಯಲ್ಲಿ ರೇಡಿಯೋ ಇದೆ, ವಿಳಾಸ ಏನು ಅಂತ. ಒಳ್ಳೇ ಉದ್ದೇಶಕ್ಕೆ ಮಾಡಿದ ಪಟ್ಟಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1940ರ ಏಪ್ರಿಲ್ 9. ಹಿಟ್ಲರನ ಸೈನ್ಯ ನಾರ್ವೆಗೆ ನುಗ್ಗಿತು. ರಾಜ ಏಳನೇ ಹಾಕೋನ್ ಮತ್ತು ಸರ್ಕಾರದವರು ರಾಜಧಾನಿ ಓಸ್ಲೋ ಬಿಟ್ಟು ಉತ್ತರಕ್ಕೆ ಹೊರಟರು. ಅದೇ ಸಂಜೆ ವಿಡ್‌ಕುನ್ ಕ್ವಿಸ್ಲಿಂಗ್ ಎಂಬ ನಾಜಿ ಪರ ಪಕ್ಷದ ನಾಯಕ ಓಸ್ಲೋದ ರೇಡಿಯೋ ಸ್ಟುಡಿಯೋಗೆ ಹೋಗಿ ಮೈಕ್ ಮುಂದೆ ಕೂತ. ಸರ್ಕಾರ ಓಡಿಹೋಗಿದೆ, ಇನ್ನು ಮುಂದೆ ನಾನೇ ಪ್ರಧಾನಿ ಎಂದು ಘೋಷಿಸಿಬಿಟ್ಟ. ಆತನ ಬೆನ್ನಿಗೆ ಜನವೂ ಇರಲಿಲ್ಲ, ಸಂಸತ್ತೂ ಇರಲಿಲ್ಲ. ಇದ್ದದ್ದು ಜರ್ಮನ್ ಸೈನ್ಯ ಮತ್ತು ಒಂದು ಮೈಕು. ರೇಡಿಯೋದಲ್ಲಿ ಹೇಳಿಯೇ ಅಧಿಕಾರ ಹಿಡಿಯಲು ನೋಡಿದ ಮೊದಲಿಗರಲ್ಲಿ ಈತ ಒಬ್ಬ. ಇವನನ್ನು ಪ್ರಧಾನಿಯಾಗಿ ನೇಮಿಸುವ ಬದಲು ಪಟ್ಟವನ್ನೇ ಬಿಡುತ್ತೇನೆ ಅಂತ ರಾಜ ಮಂತ್ರಿಗಳ ಮುಂದೆ ಪಟ್ಟು ಹಿಡಿದ. ವಾರದೊಳಗೆ ಜರ್ಮನ್ನರೇ ಕ್ವಿಸ್ಲಿಂಗನನ್ನು ಆ ಕುರ್ಚಿಯಿಂದ ಇಳಿಸಿದರು. ಮುಂದೆ ಮತ್ತೆ ಕೂರಿಸಿದರು, ಅದು ಬೇರೆ ಕಥೆ. ಅವನ ಹೆಸರು ಮಾತ್ರ ಇಂಗ್ಲಿಷಿನಲ್ಲಿ ದೇಶದ್ರೋಹಿ ಎಂಬ ಅರ್ಥದ ಪದವಾಗಿ ನಿಘಂಟು ಸೇರಿತು.

ಜೂನ್‌ನಲ್ಲಿ ರಾಜ ಮತ್ತು ಸರ್ಕಾರ ಲಂಡನ್ನಿಗೆ ಹೋದರು. ಎನ್‌ಆರ್‌ಕೆ ಜರ್ಮನ್ನರ ವಶವಾಯಿತು. ಈಗ ಜನ ಏನು ಮಾಡಬೇಕು? ಡಯಲ್ ತಿರುಗಿಸಿದರು. ಬಿಬಿಸಿ ಲಂಡನ್ನಿನಿಂದ ನಾರ್ವೇಜಿಯನ್ ಭಾಷೆಯಲ್ಲಿ ಸುದ್ದಿ ಹೇಳುತ್ತಿತ್ತು. ಟೂರಾಲ್ವ್ ಓಕ್ಸ್‌ನೆವಾಡ್ ಎಂಬ ಪತ್ರಕರ್ತ ಅಲ್ಲಿ ಮಾತಾಡುತ್ತಿದ್ದ. 'ಲಂಡನ್ನಿನ ದನಿ' ಅಂತಲೇ ಊರೆಲ್ಲ ಅವನನ್ನು ಕರೆಯುತ್ತಿತ್ತು. ಸಂಜೆಯಾದರೆ ಬಾಗಿಲು ಹಾಕಿ, ದನಿ ತಗ್ಗಿಸಿ, ಸೆಟ್ಟಿಗೆ ಕಿವಿ ಹಚ್ಚಿ ಕೂರುವುದು ಮನೆಮನೆಯ ರೂಢಿಯಾಯಿತು.

ಜರ್ಮನ್ನರು ಹೊರದೇಶದ ಸ್ಟೇಷನ್ ಕೇಳಬಾರದು ಎಂದು ಕಾನೂನು ಮಾಡಿದರು. ಜಾಮಿಂಗ್ ಮಾಡಿದರು, ಅಂದರೆ ಅದೇ ತರಂಗದ ಮೇಲೆ ಗದ್ದಲ ಬಿಟ್ಟು ಮಾತು ಕೇಳಿಸದಂತೆ ಮಾಡುವುದು. ಆದರೂ ಜನ ಕೇಳಿದರು. ಕೊನೆಗೆ 1941ರ ಸೆಪ್ಟೆಂಬರ್ ಹೊತ್ತಿಗೆ ರೇಡಿಯೋ ಸೆಟ್‌ಗಳನ್ನೇ ಜಪ್ತಿ ಮಾಡಲು ಹೊರಟರು. ಸುಮಾರು ಮೂವತ್ತು ಲಕ್ಷ ಜನರಿದ್ದ ದೇಶದಲ್ಲಿ ಹತ್ತಿರಹತ್ತಿರ ಐದು ಲಕ್ಷ ಸೆಟ್ ಕಿತ್ತುಕೊಂಡರು. ಕ್ವಿಸ್ಲಿಂಗನ ಪಕ್ಷದ ಸದಸ್ಯರಿಗೆ ಮಾತ್ರ ವಿನಾಯಿತಿ. ಲೈಸೆನ್ಸ್ ಪಟ್ಟಿ ಇರುವ ದೇಶದಲ್ಲಿ "ನಮ್ಮನೇಲಿ ರೇಡಿಯೋನೇ ಇಲ್ಲ ಸ್ವಾಮಿ" ಅಂತ ಹೇಳಿ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಐದು ಲಕ್ಷ ಪೆಟ್ಟಿಗೆ ಹೊತ್ತು, ಸಾಗಿಸಿ, ಗೋದಾಮು ತುಂಬಿಸುವುದು ಸಣ್ಣ ಕೆಲಸವಲ್ಲ. ಅದೂ ಯುದ್ಧದ ನಡುವೆ. ಕೇಳಿದವರನ್ನು ಮಾತ್ರ ಹಿಡಿದಿದ್ದರೆ ಸಾಕಿತ್ತಲ್ಲ? ಹಿಡಿಯಲು ಆಗುತ್ತಿರಲಿಲ್ಲ. ಯಾವ ಮನೆಯಲ್ಲಿ ಸೆಟ್ ಇದೆ ಅಂತ ಪಟ್ಟಿ ಹೇಳೀತು. ಆ ಸೆಟ್ಟಿನ ಮುಳ್ಳು ಇವತ್ತು ರಾತ್ರಿ ಓಸ್ಲೋ ಮೇಲಿದೆಯೋ ಲಂಡನ್ ಮೇಲಿದೆಯೋ ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ? ಪ್ರಸಾರ ಅಂದರೆ ಹೊಲಕ್ಕೆ ಬೀಜ ಎರಚಿದ ಹಾಗೆ, ಎಲ್ಲಿ ಬಿತ್ತು ಅಂತ ಎರಚಿದವನಿಗೂ ಗೊತ್ತಿರುವುದಿಲ್ಲ. ಗೋಪುರದಿಂದ ಮನೆಗೆ ಮಾತು ಬರುತ್ತದೆ, ಮನೆಯಿಂದ ಗೋಪುರಕ್ಕೆ ಏನೂ ಹೋಗುವುದಿಲ್ಲ. ಕನ್ನಡದಲ್ಲಿ ಕೇಳುವುದು ಅಂದರೆ ಎರಡು ಅರ್ಥ ಅಲ್ವಾ? ರೇಡಿಯೋದ ಮುಂದೆ ಕೂತವರು ಎಲ್ಲವನ್ನೂ ಕೇಳುತ್ತಾರೆ. ರೇಡಿಯೋ ಅವರನ್ನು ಏನೂ ಕೇಳುವುದಿಲ್ಲ. ಹೆಸರನ್ನೂ ಕೇಳುವುದಿಲ್ಲ. ಈ ಒಂದು ಗುಣಕ್ಕೆ ಹೆದರಿಯೇ ಅಷ್ಟು ದೊಡ್ಡ ಸೈನ್ಯ ಮನೆಮನೆಯ ಪೆಟ್ಟಿಗೆ ಹೊತ್ತೊಯ್ಯಬೇಕಾಯಿತು.

ಆದರೂ ಎಲ್ಲ ಸೆಟ್‌ಗಳೂ ಸಿಗಲಿಲ್ಲ. ನೆಲದಡಿ, ಸೌದೆಯ ರಾಶಿಯಲ್ಲಿ, ಗೋಡೆಯೊಳಗೆ ಬಚ್ಚಿಟ್ಟರು. ವಿಲ್ಲಿ ಸಿಮೊನ್ಸೆನ್ ಎಂಬ ನಾರ್ವೆಯ ಎಂಜಿನಿಯರ್ ಇಂಗ್ಲೆಂಡಿನಲ್ಲಿದ್ದುಕೊಂಡು, ಬ್ಯಾಟರಿಯಲ್ಲಿ ನಡೆಯುವ, ಜೇಬಿನಲ್ಲಿ ಹಿಡಿಸುವ ಪುಟ್ಟ ರೇಡಿಯೋ ಒಂದನ್ನು ರೂಪಿಸಿದ. ಅದಕ್ಕಿಟ್ಟ ಹೆಸರು ಸ್ವೀಟ್‌ಹಾರ್ಟ್! ಅದರಲ್ಲಿ ಸ್ಪೀಕರ್ ಇಲ್ಲ, ಕಿವಿಗೆ ಇಟ್ಟುಕೊಳ್ಳುವ ಇಯರ್‌ಫೋನ್ ಮಾತ್ರ, ಪಕ್ಕದವರಿಗೂ ಕೇಳಬಾರದಲ್ಲ. ಬ್ರಿಟಿಷ್ ಗುಪ್ತದಳ ಇವುಗಳನ್ನು ಜರ್ಮನ್ನರ ವಶದಲ್ಲಿದ್ದ ಯುರೋಪಿನ ನಾಡುಗಳಿಗೆ ಕಳ್ಳದಾರಿಯಲ್ಲಿ ತಲುಪಿಸಿತು. ಯುದ್ಧ ಮುಗಿದ ಮೇಲೆ ಅದೇ ಸಿಮೊನ್ಸೆನ್ ಕಟ್ಟಿದ ಸಿಮ್‌ರಾಡ್ ಕಂಪನಿ ಮೀನುಗಾರರಿಗೆ ಸಮುದ್ರದಾಳ ಅಳೆಯುವ ಯಂತ್ರ ಮಾಡಿ ಹೆಸರು ಗಳಿಸಿತು.

ರೇಡಿಯೋ ಇಲ್ಲದ ಲಕ್ಷಾಂತರ ಮನೆಗಳಿಗೆ ಸುದ್ದಿ ತಲುಪಿದ್ದು ಕಾಗದದಲ್ಲಿ. ಬಚ್ಚಿಟ್ಟ ಸೆಟ್ಟಿನಲ್ಲಿ ಒಬ್ಬರು ಕೇಳುವುದು, ಬರೆದುಕೊಳ್ಳುವುದು, ಟೈಪ್ ಮಾಡಿ ಪ್ರತಿ ತೆಗೆಯುವುದು, ಕೈಯಿಂದ ಕೈಗೆ ದಾಟಿಸುವುದು. ಇಂಥ ಗುಪ್ತ ಪತ್ರಿಕೆಗಳು ದೇಶದ ಉದ್ದಗಲಕ್ಕೂ ಹುಟ್ಟಿಕೊಂಡವು. ಅವುಗಳಲ್ಲಿ 'ಲಂಡನ್ ನುಟ್' ಒಂದು, ಲಂಡನ್ ಸುದ್ದಿ ಅಂತ ಅರ್ಥ. ವಿಮಾ ಕಂಪನಿಯ ಲೆಕ್ಕದ ಕೆಲಸದಲ್ಲಿದ್ದ ಪೆಟ್ಟರ್ ಮೋಯೆನ್ ಅದನ್ನು ನಡೆಸುತ್ತಿದ್ದವರಲ್ಲಿ ಒಬ್ಬ. 1944ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. ಜೈಲಿನಲ್ಲಿ ಪೆನ್ನು, ಪೇಪರ್ ಇಲ್ಲ. ಟಾಯ್ಲೆಟ್ ಕಾಗದದ ಮೇಲೆ ಮೊಳೆಯ ಮೊನೆಯಿಂದ ಒಂದೊಂದೇ ತೂತು ಚುಚ್ಚಿ ಅಕ್ಷರ ಮೂಡಿಸಿ ದಿನಚರಿ ಬರೆದ. ಕತ್ತಲಲ್ಲಿ, ತಾನೇ ಓದಲಾಗದಂತೆ. ಅದನ್ನು ಸುರುಳಿ ಸುತ್ತಿ ಗಾಳಿ ಬರುವ ಕಿಂಡಿಯೊಳಗೆ ಹಾಕುತ್ತಿದ್ದ. ಆ ಸೆಪ್ಟೆಂಬರ್‌ನಲ್ಲಿ ಕೈದಿಗಳನ್ನು ಜರ್ಮನಿಗೆ ಸಾಗಿಸುತ್ತಿದ್ದ ಹಡಗು ಮುಳುಗಿ ಸತ್ತ. ಹಡಗಿನಲ್ಲಿ ಅವನಿಂದ ಈ ವಿಷಯ ಕೇಳಿ ತಿಳಿದಿದ್ದ ಒಬ್ಬ ಬದುಕುಳಿದು ಬಂದ. ಯುದ್ಧ ಮುಗಿದ ಮೇಲೆ ಕಿಂಡಿ ತೆಗೆದು ನೋಡಿದರೆ ಸುರುಳಿಗಳು ಅಲ್ಲೇ ಇದ್ದವು. 1949ರಲ್ಲಿ ಪುಸ್ತಕವಾಯಿತು. ರೇಡಿಯೋ ಸುದ್ದಿಯನ್ನು ನಾಲ್ಕು ಜನಕ್ಕೆ ಹಂಚಿದ್ದಕ್ಕೆ ಜೀವ ತೆತ್ತವರಲ್ಲಿ ಅವನು ಒಬ್ಬ ಮಾತ್ರ.

ಇಂಥ ಇತಿಹಾಸ ಇರುವ ಮನೆಗೆ 1945ರಲ್ಲಿ ರೇಡಿಯೋ ವಾಪಸ್ ಬಂದಾಗ ಅದು ಬರೀ ಪೀಠೋಪಕರಣವಾಗಿ ಬರಲಿಲ್ಲ. ಮುಂದಿನ ನಲವತ್ತು ವರ್ಷ ದೇಶಕ್ಕೆ ಇದ್ದದ್ದು ಒಂದೇ ಚಾನೆಲ್. ಎರಡನೆಯದು ಬಂದಿದ್ದು 1984ರಲ್ಲಿ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಹವಾಮಾನ ವರದಿ, ಒಂದೇ ನಾಟಕ, ಒಂದೇ ಕಥೆ ಕೇಳಿದರು. 1947ರಲ್ಲಿ ಪುಟಾಣಿಗಳಿಗಾಗಿಯೇ ಇನ್ನೊಂದು ಕಾರ್ಯಕ್ರಮ ಶುರುವಾಯಿತು. ಆಲ್ಫ್ ಪ್ರೋಯ್ಸೆನ್, ಆನ್ನೆ-ಕಾಥ್ ವೆಸ್ಟ್ಲಿ, ತೂರ್‌ಬ್ಯೋರ್ನ್ ಎಗ್ನರ್ ಅಲ್ಲಿ ಕಥೆ ಹೇಳಿ ಮನೆಮಾತಾದರು. ಎಗ್ನರ್ 1955ರಲ್ಲಿ ಬರೆದ ಪುಸ್ತಕದ ಊರಿನ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ: ಏಲಕ್ಕಿ ಪಟ್ಟಣ! ಬನ್ನಿಗೆ ಏಲಕ್ಕಿ ಹಾಕಿ ತಿನ್ನುವ ಜನ ಅವರು.

ಸೆಟ್‌ಗಳನ್ನೂ ಅವರೇ ಮಾಡಿಕೊಂಡರು. ಓಸ್ಲೋದ ತಾಂಡ್‌ಬರ್ಗ್ ಕಂಪನಿಯ ರೇಡಿಯೋ, ಟೇಪ್‌ರೆಕಾರ್ಡರ್‌ಗಳು ಹೊರದೇಶಗಳಲ್ಲೂ ಹೆಸರುವಾಸಿ. 1950ರಲ್ಲಿ ರೇಡಿಯೋನೆಟ್ ಕಂಪನಿ 'ಕುರೇರ್' ಎಂಬ ಹಿಡಿ ಇರುವ ಸೆಟ್ ತಂದಿತು. ಮನೆಯಲ್ಲಿ ಕರೆಂಟಿಗೆ ಸಿಕ್ಕಿಸಬಹುದು, ಬೆಟ್ಟದ ಮೇಲಿನ ಮರದ ಮನೆಗೆ ಹೋದರೆ ಬ್ಯಾಟರಿಗೆ ಹಾಕಬಹುದು. ಮನೆಯ ರೇಡಿಯೋ ಜನರ ಕೈ ಹಿಡಿದು ಹೊರಗೆ ಬಂದದ್ದು ಆಗ.

ಇಷ್ಟು ಗೊತ್ತಾದ ಮೇಲೆ 2017ಕ್ಕೆ ವಾಪಸ್ ಹೋಗೋಣ. ಎಫ್‌ಎಂ ಯಾಕೆ ತೆಗೆದರು? ಕಾರಣ ಬೆಟ್ಟ. ಎಫ್‌ಎಂ ತರಂಗ ಹೆಚ್ಚುಕಮ್ಮಿ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಹಾಗಾಗಿ ನೂರಾರು ಕಡೆ ಟ್ರಾನ್ಸ್‌ಮಿಟರ್ ಬೇಕು. ಅದೂ ಚಾನೆಲ್ಲಿಗೊಂದು ಬೇರೆ. ಅಕ್ಕಪಕ್ಕದ ಟ್ರಾನ್ಸ್‌ಮಿಟರ್‌ಗಳು ಒಂದೇ ತರಂಗದಲ್ಲಿ ಹಾಡಿದರೆ ಒಂದಕ್ಕೊಂದು ಜಗಳ, ಅದಕ್ಕೆ ಬೇರೆ ಬೇರೆ ತರಂಗ ಹಂಚಬೇಕು. ಡಿಜಿಟಲ್ ರೇಡಿಯೋದಲ್ಲಿ, ಅಂದರೆ ಡಿಎಬಿಯಲ್ಲಿ, ಹಾಗಿಲ್ಲ. ಚಾನೆಲ್ಲಿಗೊಂದು ಆಟೋ ಬಿಡುವ ಬದಲು ಹತ್ತಾರು ಚಾನೆಲ್‌ಗಳನ್ನು ಒಂದೇ ಬಸ್ಸಿನಲ್ಲಿ ಕೂರಿಸಿ ಕಳಿಸಿದ ಹಾಗೆ. ಅಕ್ಕಪಕ್ಕದ ಟ್ರಾನ್ಸ್‌ಮಿಟರ್‌ಗಳು ಒಂದೇ ತರಂಗ ಬಳಸಬಹುದು. ಎಫ್‌ಎಂನಲ್ಲಿ ದೇಶವ್ಯಾಪಿ ಐದು ಚಾನೆಲ್ಲಿಗೆ ಜಾಗವಿದ್ದರೆ, ಇದರಲ್ಲಿ 20ಕ್ಕೂ ಹೆಚ್ಚು. ಖರ್ಚೂ ಕಡಿಮೆ. ಎಂಜಿನಿಯರ್ ಕಣ್ಣಿಗೆ ಇದರಲ್ಲಿ ವಾದವೇ ಇಲ್ಲ.

ಕೆಲಸವನ್ನೂ ಅವರು ಏಕಾಏಕಿ ಮಾಡಲಿಲ್ಲ. 1995ರಿಂದಲೇ ಎನ್‌ಆರ್‌ಕೆ ಡಿಎಬಿ ಪ್ರಸಾರ ಶುರುಮಾಡಿತ್ತು. 2011ರಲ್ಲಿ ಸಂಸತ್ತಿನಲ್ಲಿ ಚರ್ಚೆಯಾಗಿ ಷರತ್ತು ಹಾಕಿದರು. ಎನ್‌ಆರ್‌ಕೆಯ ಡಿಎಬಿ ಹಳೇ ಎಫ್‌ಎಂನಷ್ಟೇ, ಅಂದರೆ ಶೇ. 99.5 ಜನರಿಗೆ ಸಿಗಬೇಕು. ಕೇಳುಗರಲ್ಲಿ ಅರ್ಧ ಜನ ದಿನವೂ ಯಾವುದಾದರೂ ಡಿಜಿಟಲ್ ದಾರಿಯಲ್ಲಿ ಕೇಳುತ್ತಿರಬೇಕು. ಷರತ್ತು ಪೂರೈಸಿದೆ ಎಂದು ತೀರ್ಮಾನಿಸಿ 2015ರಲ್ಲಿ ದಿನಾಂಕ ಪ್ರಕಟಿಸಿದರು. ಸಣ್ಣಪುಟ್ಟ ಸ್ಥಳೀಯ ಸ್ಟೇಷನ್‌ಗಳಿಗೆ ಎಫ್‌ಎಂನಲ್ಲೇ ಉಳಿಯಲು ಬಿಟ್ಟರು.

ಆದರೂ ಜನಕ್ಕೆ ಸಿಟ್ಟು. 2016ರ ಕೊನೆಗೆ 'ದಾಗ್‌ಬ್ಲಾಡೆಟ್' ಪತ್ರಿಕೆ ಮಾಡಿಸಿದ ಸಮೀಕ್ಷೆಯಲ್ಲಿ ಶೇ. 66 ಜನ ಬೇಡವೆಂದರು. ಸುಮಾರು 20 ಲಕ್ಷ ಕಾರುಗಳಲ್ಲಿ ಡಿಎಬಿ ಇರಲಿಲ್ಲ, ಅಡಾಪ್ಟರಿಗೆ ಸಾವಿರದಿಂದ ಎರಡು ಸಾವಿರ ಕ್ರೋನರ್. ಚೆನ್ನಾಗಿಯೇ ಹಾಡುತ್ತಿದ್ದ ಅಡುಗೆಮನೆಯ ರೇಡಿಯೋ, ಮೀನು ದೋಣಿಯ ರೇಡಿಯೋ, ಅಜ್ಜಿ ಹಾಸಿಗೆ ಪಕ್ಕ ಇಟ್ಟುಕೊಂಡ ರೇಡಿಯೋ ಎಲ್ಲ ಒಂದೇ ಸಲಕ್ಕೆ ಗುಜರಿ. ಎಫ್‌ಎಂ ನಿಂತ ಮೇಲೆ ಡಿಎಬಿ ಸೆಟ್ ಕೊಂಡವರು ಕೊಂಡರು. ಕೆಲವರು ರೇಡಿಯೋ ಸಹವಾಸವೇ ಬಿಟ್ಟರು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಯ ದಿನ ಇದೇ ಕೆಲಸ ಮಾಡಿದಾಗ ಅಲ್ಲೂ ಕೇಳುಗರು ಕೈತಪ್ಪಿದರು.

ನನಗನ್ನಿಸುವುದು, ಜಗಳವೆಲ್ಲ ತಪ್ಪು ಬಾಗಿಲಿನ ಮುಂದೆ ನಡೆಯಿತು. ಎಫ್‌ಎಂ ಹೋಗಿ ಡಿಎಬಿ ಬಂದರೆ ಪೆಟ್ಟಿಗೆ ಬದಲಾಗುತ್ತದೆ, ಗುಣ ಬದಲಾಗುವುದಿಲ್ಲ. ಡಿಎಬಿಯೂ ಎರಚಿದ ಬೀಜವೇ. ಕೇಳುವವರು ಯಾರೆಂದು ಅದಕ್ಕೂ ಗೊತ್ತಿಲ್ಲ. ಗುಣ ಬದಲಾದದ್ದು ಬೇರೆ ಕಡೆ, ಸದ್ದಿಲ್ಲದೆ. 2008ರಲ್ಲಿ ಪಕ್ಕದ ಸ್ವೀಡನ್ನಿನಲ್ಲಿ ಸ್ಪಾಟಿಫೈ ಬಂತು. 2010ರಲ್ಲಿ ನಾರ್ವೆಯಲ್ಲೇ ವಿಂಪ್ ಎಂಬ ಸ್ಟ್ರೀಮಿಂಗ್ ಸೇವೆ ಬಂತು, ಇವತ್ತಿನ ಟೈಡಲ್ ಅದರ ಹೊಸ ಅವತಾರ. ಆಮೇಲೆ ಪಾಡ್‌ಕಾಸ್ಟ್‌ಗಳು, ಎನ್‌ಆರ್‌ಕೆಯದೇ ಆ್ಯಪ್, ದುಡ್ಡು ಕೊಟ್ಟು ಕೇಳುವ ಪಾಡ್‌ಕಾಸ್ಟ್ ಕಂಪನಿಗಳು. ಕಿವಿ ಗೋಪುರ ಬಿಟ್ಟು ಸರ್ವರ್ ಕಡೆ ತಿರುಗಿತು. ಇದಕ್ಕೆ ಯಾವ ಸಂಸತ್ತೂ ದಿನಾಂಕ ಗೊತ್ತು ಮಾಡಲಿಲ್ಲ, ಬೇಕೋ ಬೇಡವೋ ಎಂಬ ಸಮೀಕ್ಷೆಯೂ ನಡೆಯಲಿಲ್ಲ.

ಸರ್ವರ್ ಅಂದರೆ ಏನು ಅಂತ ಈ ಬರಹ ಓದುತ್ತಿರುವ ಬಹಳಷ್ಟು ಜನಕ್ಕೆ ಚೆನ್ನಾಗಿ ಗೊತ್ತು. ನಾನೂ ಅದೇ ಕಸುಬಿನವ. ನೀವು ಪ್ಲೇ ಒತ್ತಿದ ತಕ್ಷಣ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ಯಾವ ಅಕೌಂಟು, ಯಾವ ಫೋನು, ಎಷ್ಟು ಗಂಟೆಗೆ, ಎಷ್ಟನೇ ನಿಮಿಷಕ್ಕೆ ಬೇಸರವಾಗಿ ನಿಲ್ಲಿಸಿದಿರಿ. ಹಿಂದೆ ರೇಡಿಯೋದವರು ಕೇಳುಗರ ಲೆಕ್ಕ ಹಿಡಿಯಬೇಕಾದರೆ ಒಪ್ಪಿದ ಕೆಲವೇ ಜನರ ಕೈಗೆ ಒಂದು ಸಣ್ಣ ಮೀಟರ್ ಕೊಟ್ಟು, ಅದನ್ನು ದಿನವಿಡೀ ಜೇಬಿನಲ್ಲಿ ಇಟ್ಟುಕೊಳ್ಳಿ ಅಂತ ಬೇಡಿಕೊಳ್ಳಬೇಕಿತ್ತು. ನಾರ್ವೆಯಲ್ಲೂ ಅದನ್ನೇ ಬಳಸಿದರು. ಈಗ ಆ ಮೀಟರನ್ನು ನಾವೇ ದುಡ್ಡು ಕೊಟ್ಟು ತಂದು, ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತೇವೆ.

ಇದನ್ನು 1941ಕ್ಕೆ ಹೋಲಿಸುವುದು ಅನ್ಯಾಯ. ಬೂಟುಗಾಲಿನಲ್ಲಿ ಬಂದು ಪೆಟ್ಟಿಗೆ ಕಿತ್ತುಕೊಂಡವರೂ, ನಿಮಗೆ ಇಷ್ಟವಾಗುವ ಹಾಡು ಹುಡುಕಿಕೊಡುವ ಆ್ಯಪೂ ಒಂದೇ ಅಲ್ಲ. ಯುರೋಪಿನಲ್ಲಿ ಡೇಟಾ ಕಾಯುವ ಕಾನೂನೂ ಗಟ್ಟಿಯಾಗಿದೆ. ಆದರೆ ಆ ಲೈಸೆನ್ಸ್ ಪಟ್ಟಿಯನ್ನೂ ಒಳ್ಳೇ ಸರ್ಕಾರವೇ, ಒಳ್ಳೇ ಕೆಲಸಕ್ಕೇ ಮಾಡಿಸಿತ್ತು. ಅಧಿಕಾರ ಒಂದು ರಾತ್ರಿಯಲ್ಲಿ ಕೈ ಬದಲಾಯಿಸಿತು, ಪಟ್ಟಿ ಇದ್ದಲ್ಲೇ ಇತ್ತು. ಅದರಲ್ಲಿ ಇದ್ದದ್ದು ಬರೀ ಹೆಸರು ಮತ್ತು ವಿಳಾಸ. ಕ್ವಿಸ್ಲಿಂಗ್ ಸ್ಟುಡಿಯೋಗೆ ನುಗ್ಗಿದ ಆ ಸಂಜೆ, ಯಾರ್ಯಾರು ಯಾವ್ಯಾವ ರಾತ್ರಿ ಲಂಡನ್ ಕೇಳುತ್ತಾರೆ ಎಂಬ ಲಾಗ್ ಕೂಡ ಅವರ ಕೈಗೆ ಸಿಗುವಂತಿದ್ದರೆ, ಐದು ಲಕ್ಷ ಪೆಟ್ಟಿಗೆ ಹೊರುವ ಕಷ್ಟವೇ ಇರುತ್ತಿರಲಿಲ್ಲ. ಪೆಟ್ಟರ್ ಮೋಯೆನ್‌ನಂಥವರನ್ನು ಹಿಡಿಯಲು 1944ರವರೆಗೆ ಕಾಯಬೇಕಾಗಿಯೂ ಇರಲಿಲ್ಲ.

ನಮ್ಮಲ್ಲೂ ಆಕಾಶವಾಣಿಯ ಶಾರ್ಟ್‌ವೇವ್, ಮೀಡಿಯಂವೇವ್ ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಆ್ಯಪ್ ಇದೆಯಲ್ಲ, ಅದರಲ್ಲಿ ಕೇಳಿ ಅನ್ನುತ್ತಾರೆ. ಸದ್ದು ಸ್ಪಷ್ಟ, ಚಾನೆಲ್ ಜಾಸ್ತಿ, ಎಲ್ಲ ನಿಜ. ಹಳೇ ಫೋನಿನಲ್ಲಿ ಇಯರ್‌ಫೋನ್ ವೈರನ್ನೇ ಆಂಟೆನಾ ಮಾಡಿಕೊಂಡು, ಡೇಟಾ ಇಲ್ಲದೆ ಎಫ್‌ಎಂ ಹಾಡುತ್ತಿತ್ತು. ವೈರೂ ಹೋಯಿತು, ಅದರ ಜೊತೆ ಆ ಸೌಲಭ್ಯವೂ ಹೋಯಿತು. ಯಾರೂ ಗಲಾಟೆ ಮಾಡಲಿಲ್ಲ.

ನಾರ್ವೆಯ ಸಮುದ್ರಕ್ಕೂ ಇದೇ ಆಯಿತು. ದೇಶದ ಉತ್ತರ ತುದಿಯ ಇಂಗೋಯ್ ದ್ವೀಪದಲ್ಲಿ 362 ಮೀಟರ್ ಎತ್ತರದ ಗೋಪುರವೊಂದು ದೂರದ ಮೀನುಗಾರರಿಗೆ ಲಾಂಗ್‌ವೇವ್‌ನಲ್ಲಿ ಸುದ್ದಿ, ಹವಾಮಾನ ಕೇಳಿಸುತ್ತಿತ್ತು. 2019ರಲ್ಲಿ ಅದನ್ನೂ ನಿಲ್ಲಿಸಿದರು. ಮರುವರ್ಷ ಎನ್‌ಆರ್‌ಕೆ ಲೈಸೆನ್ಸ್ ಶುಲ್ಕವೂ ರದ್ದಾಗಿ ತೆರಿಗೆಯಲ್ಲಿ ಸೇರಿಕೊಂಡಿತು. ಲೈಸೆನ್ಸ್ ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು.

ಪಕ್ಕದ ರಷ್ಯಾ ಉಕ್ರೇನಿನ ಮೇಲೆ ಬಿದ್ದ ಮೇಲೆ ನಾರ್ವೆಯವರಿಗೆ ಹಳೇ ಭಯ ಮತ್ತೆ ನೆನಪಾಗಿದೆ. 2024ರಲ್ಲಿ ಅಲ್ಲಿನ ವಿಪತ್ತು ನಿರ್ವಹಣಾ ಇಲಾಖೆ, ಒಂದು ವಾರ ಯಾರ ನೆರವೂ ಇಲ್ಲದೆ ಬದುಕಲು ಪ್ರತಿ ಮನೆಯಲ್ಲೂ ಏನೇನಿರಬೇಕು ಎಂದು ಜನರಿಗೆ ತಿಳಿಸಿತು. ನೀರು, ಕೆಡದ ಊಟ, ಔಷಧಿ, ಬೆಚ್ಚನೆ ಬಟ್ಟೆ, ಟಾರ್ಚು. ಆ ಪಟ್ಟಿಯಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ಡಿಎಬಿ ರೇಡಿಯೋ ಕೂಡ ಇದೆ. ಎಲ್ಲರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇರುವ ದೇಶದ ಸರ್ಕಾರ, ನೆಟ್‌ವರ್ಕ್ ಬಿದ್ದ ದಿನಕ್ಕೆ ಒಂದು ಪೆಟ್ಟಿಗೆ ಎತ್ತಿಟ್ಟುಕೊಳ್ಳಿ ಅನ್ನುತ್ತಿದೆ. ನೆಟ್‌ವರ್ಕ್ ಚೆನ್ನಾಗಿ ಇರುವ ದಿನಕ್ಕೂ ಅಂಥದೊಂದು ಬೇಕಾಗಬಹುದು ಅಂತ ಆ ದೇಶದ ಅಜ್ಜ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ.